ಮೇಕ್‌ಫೈಲಿಗೆ ನಾನು ಹಾಕಿದ ನಕ್ಷತ್ರ

ಮೂವತ್ತನಾಲ್ಕು ವರ್ಷ ತಮಿಳು ಸೀಮೆಯ ಕಂಬಂ ಊರಿನ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಬೀಜಗಣಿತವಾಗಲಿ, ತ್ರಿಕೋನಮಿತಿಯಾಗಲಿ ಒಮ್ಮೆಯೂ ನನ್ನನ್ನು ಬೆದರಿಸಿದ್ದಿಲ್ಲ. ಊರಿನಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆಯುವುದಿಲ್ಲ. ಮೇಷ್ಟರಿಗೆ ತಮಿಳಿನಲ್ಲಿ ಹೇಳುವಂತೆ 'ವಾದ್ಯಾರ್' ಎಂದೇ ಕರೆಯುತ್ತಾರೆ. ಹೆಂಡತಿ ಮುತ್ತುಲಕ್ಷ್ಮಿಯೂ ಹಾಗೆಯೇ ಕರೆಯುತ್ತಾಳೆ, ಆದರೆ ಅವಳ ಬಾಯಲ್ಲಿ ಆ ಪದಕ್ಕೆ ಬೇರೆಯೇ ಅರ್ಥ ಬಂದುಬಿಡುತ್ತದೆ. ಇಂಥ ನನ್ನನ್ನು ಹನ್ನೊಂದೇ ಹನ್ನೊಂದು ಸಾಲಿನ ಒಂದು ಫೈಲು ಏನು ಮಾಡೀತು ಎಂದುಕೊಂಡಿದ್ದೆ.

ಏನು ಮಾಡಿತು ಎಂಬುದನ್ನು ಹೇಳುತ್ತೇನೆ.

ನಮ್ಮ ಅಕ್ಕನ ಮಗಳು ಕವಿತಾಳ ಮದುವೆ ಗೊತ್ತಾಯಿತು. ಹುಡುಗ ಕೊಂಬೈ ಊರಿನವನು, ನಮ್ಮ ಜನವೇ. ನಮ್ಮ ಜನ ಎಂದರೆ ಯಾವ ಕಾಲದಲ್ಲೋ ಕನ್ನಡ ನಾಡಿನಿಂದ ಬಂದು ಈ ಕಣಿವೆಯಲ್ಲಿ ನೇಗಿಲು ಹೂಡಿದವರು. ಇಂದಿಗೂ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಈಗಿನ ಮಕ್ಕಳಂತೂ ಹೊಸಿಲು ದಾಟುವವರೆಗೂ ಕಾಯುವುದಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಮೊಮ್ಮಗಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಇದನ್ನು ನೋಡಿ ನೋಡಿ ಕವಿತಾಳಿಗೆ ಒಂದು ಆಸೆ ಹುಟ್ಟಿತು. ಮದುವೆಗೆ ಬಂದವರಿಗೆ ಕೊಡುವ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿ, ವೀಳ್ಯದೆಲೆಯ ಜೊತೆ ನಮ್ಮ ಮನೆಮಾತಿನ ಪದಗಳ ಒಂದು ಪುಟ್ಟ ಪುಸ್ತಕವನ್ನೂ ಇಡಬೇಕು!

ಪದ ಸಂಗ್ರಹಿಸುವ ಹೊಣೆ ನನ್ನ ಹೆಗಲಿಗೆ ಬಂತು. ಎಂಟು ತಿಂಗಳು ಕೊಂಬೈ, ಗೂಡಲೂರು, ಆಂಡಿಪಟ್ಟಿ ಎಂದು ಬಸ್ಸಿನಲ್ಲಿ ಅಲೆದೆ. ನೆಂಟರ ಮನೆಯ ಜಗಲಿಯ ಮೇಲೆ ಕುಳಿತು ಹಿರಿಯರ ಬಾಯಿಂದ ಪದ ಬಿಡಿಸಿದೆ. ಕನ್ನಡ ಅಕ್ಷರವನ್ನು ನಾನು ಕಲಿತದ್ದೇ ನಿವೃತ್ತಿಯಾದ ಮೇಲೆ. ಆದ್ದರಿಂದ ಪದವನ್ನು ಕನ್ನಡ ಅಕ್ಷರದಲ್ಲಿ ಹೆಮ್ಮೆಯಿಂದ ಬರೆದು, ಪಕ್ಕದಲ್ಲಿ ಅದರ ವಿವರಣೆಯನ್ನು ಎಲ್ಲರಿಗೂ ಓದಲು ಬರುವ ತಮಿಳಿನಲ್ಲಿ ಬರೆದೆ. ಅಡುಗೆ, ಮಳೆ, ನೆಂಟಸ್ತಿಕೆ, ಆಟ, ಬೈಗುಳ, ಉಳುಮೆ, ಹೀಗೆ ಆರು ಅಧ್ಯಾಯಗಳಾದವು. ಇದಲ್ಲದೆ ಯಾರ್ಯಾರು ಎಂಥವರು, ಯಾರ ಮಾತನ್ನು ಎಷ್ಟು ನಂಬಬಹುದು ಎಂದು ನನ್ನ ನೆನಪಿಗಾಗಿ ಇನ್ನೊಂದು ಫೈಲು ಬರೆದಿಟ್ಟುಕೊಂಡೆ. ಅದು ಕೇವಲ ನನ್ನ ಕಣ್ಣಿಗೆ.

ಕವಿತಾ ಕೊಯಮತ್ತೂರಿನಲ್ಲಿ ಮೋಟಾರ್ ಪಂಪು ತಯಾರಿಸುವ ಕಡೆ ಕೈಪಿಡಿ ಬರೆಯುವ ಕೆಲಸದಲ್ಲಿದ್ದಾಳೆ. ಪಂಪು ಹೇಗೆ ಜೋಡಿಸಬೇಕು, ಯಾವ ತಿರುಪು ಎಲ್ಲಿಗೆ, ಎಲ್ಲ ಅವಳೇ ಬರೆಯಬೇಕು. ಅಲ್ಲಿ ಪುಸ್ತಕವನ್ನು ಸುಮ್ಮನೆ ಟೈಪು ಮಾಡಿ ಮುಗಿಸುವುದಿಲ್ಲವಂತೆ. 'ಬಿಲ್ಡ್' ಮಾಡುತ್ತಾರಂತೆ! ಒಂದೊಂದು ಅಧ್ಯಾಯಕ್ಕೂ ಒಂದೊಂದು ಫೈಲು. ಅವನ್ನೆಲ್ಲ ಹೇಗೆ ಸೇರಿಸಿ ಪುಸ್ತಕ ಕಟ್ಟಬೇಕು ಎಂಬ ನಿಯಮಗಳಿಗೆ ಮೇಕ್‌ಫೈಲ್ ಎಂಬ ಇನ್ನೊಂದು ಫೈಲು. ಕಪ್ಪು ಪರದೆಯ ಮೇಲೆ 'ಮೇಕ್' ಎಂದು ಹೊಡೆದರೆ ಸಾಕು, ಪುಟಸಂಖ್ಯೆ, ಪರಿವಿಡಿ ಸಮೇತ ಪುಸ್ತಕ ಸಿದ್ಧ.

ಒಂದು ಭಾನುವಾರ ನಮ್ಮ ಮನೆಗೆ ಬಂದು ಇದನ್ನೆಲ್ಲ ನನ್ನ ಹಳೆಯ ಕಂಪ್ಯೂಟರಿಗೆ ಹಾಕಿಕೊಟ್ಟಳು.

"ಮಾಮಾ, ಇದುನ್ನ ಅಡಿಗೆ ಅಂತ ನೆನ್ಸ್ಕೊಳಿ. ಮೇಲ್ಗಡೆ ಸಾಲಲ್ಲಿ ಏನ್ ಆಗ್ಬೇಕು ಅಂತ ಇರುತ್ತೆ. ಸಾಂಬಾರು ಅನ್ನಿ. ಪಕ್ಕದಲ್ಲಿ ಎರಡು ಚುಕ್ಕೆ. ಅಪ್ಪುರ ಅದುಕ್ಕೆ ಏನೇನ್ ಬೇಕು. ಬ್ಯಾಳೆ, ಹುಳಿ, ಕಾಯಿ. ಕೆಳ್ಗಡೆ ಸಾಲಲ್ಲಿ ಎಂಗ್ ಮಾಡೋದು ಅಂತ. ಅಷ್ಟೆ, ರೊಂಬ ಸುಲಬ."

ನುಗ್ಗೆಕಾಯಿ ಹೆಚ್ಚುತ್ತಾ ಬಾಗಿಲಲ್ಲಿ ಕುಳಿತಿದ್ದ ಮುತ್ತು ತಲೆ ಎತ್ತಿದಳು. "ಬ್ಯಾಳೆ ಹೊಸುದ್ ತಂದ್ರೆ ಸಾಂಬಾರ್ ತಿರುಗ ಮಾಡ್ಬೇಕು. ಯಾವುದೂ ಹೊಸುದ್ ಇಲ್ಲಾಂದ್ರೆ ನೆನ್ನೇದೆ ಸಾಕು. ಅಷ್ಟೆ ತಾನೆ?"

"ಅಷ್ಟೇ ಅತ್ತೆ! ಇದು ಅರ್ಥ ಆಗೋಕ್ಕೆ ನಂಗೆ ಒಂದ್ ವಾರ ಬೇಕಾಯ್ತು!"

ನನಗೆ ಏನೂ ಅರ್ಥವಾಗಿರಲಿಲ್ಲ. ಆದರೂ ಗಂಭೀರವಾಗಿ ತಲೆಯಾಡಿಸಿದೆ. ಮೂವತ್ತನಾಲ್ಕು ವರ್ಷ ಮಕ್ಕಳು ನನ್ನ ಮುಂದೆ ಹೀಗೆ ತಲೆಯಾಡಿಸುವುದನ್ನು ನೋಡಿದ್ದೇನೆ. ಅದರ ನಿಜವಾದ ಅರ್ಥ ಏನೆಂದು ಅವತ್ತು ತಿಳಿಯಿತು.

"ಪದ ತಿದ್ಬೇಕು ಅಂದ್ರೆ ಅದ್ಯಾಯದ ಫೈಲ್ ತೆಗೀರಿ. ಮೇಕ್‌ಫೈಲ್ಗೆ ಮಾತ್ರ ಕೈ ಆಕ್ಬ್ಯಾಡಿ ಮಾಮಾ," ಎಂದು ಹೇಳಿ ಕವಿತಾ ಕೊಯಮತ್ತೂರಿನ ಬಸ್ಸು ಹತ್ತಿದಳು.

ನಾನೇಕೆ ಹಾಕಲಿ? ಪುಸ್ತಕ ಮುಗಿದಿತ್ತು. ಮುದ್ರಣಕ್ಕೆ ಕಳಿಸುವುದೊಂದೇ ಬಾಕಿ.

ಅಷ್ಟರಲ್ಲಿ ಲಿಂಗಪ್ಪ ತಾತನ ಸಂಗತಿ ಎದ್ದಿತು. ಲಿಂಗಪ್ಪ ತಾತ ಎಂದರೆ ಹುಡುಗನ ಅಜ್ಜ. ಕೊಂಬೈಯಲ್ಲಿ ದನ ಎಂದರೆ ಅವರು, ಅವರು ಎಂದರೆ ದನ. ಅಂಥವರನ್ನು ನಾನು ಪದ ಕೇಳಿಯೇ ಇರಲಿಲ್ಲ. ಇದನ್ನು ಯಾರೋ ಅವರ ಕಿವಿಗೆ ಹಾಕಿದ್ದರು. ಅಕ್ಕ ಬೆಳಿಗ್ಗೆ ಬೆಳಿಗ್ಗೆಯೇ ನಮ್ಮ ಮನೆಗೆ ಓಡಿಬಂದಳು.

"ತಮ್ಮಾ, ಆ ತಾತ ಏನ್ ಏಳಿದಾರೆ ಗೊತ್ತಾ? 'ನನ್ ಮಾತು ಇಲ್ದಿರೋ ಪುಸ್ತಕ ನನ್ ಮೊಮ್ಮಗನ್ ಕಲ್ಯಾಣದಲ್ಲಿ ಕೊಟ್ರೆ, ನಾನ್ ಎಲೆ ಮುಂದೆ ಕೂರೋದಿಲ್ಲ' ಅಂದ್ಬಿಟ್ಟವ್ರೆ. ದೊಡ್ಡವ್ರು ಎಲೆ ಮುಂದೆ ಕೂರ್ಲಿಲ್ಲಾಂದ್ರೆ ಆ ಕಡೆ ಜನ ಒಬ್ರೂ ಉಣ್ಣೋದಿಲ್ಲ!"

"ಅದಕ್ಯಾಕೆ ಅಳ್ತಿಯಾ? ನಾನಿಲ್ವಾ?" ಎಂದೆ.

ಮಾರನೆಯ ದಿನವೇ ಕೊಂಬೈಗೆ ಹೋಗಿ ತಾತನ ಕೊಟ್ಟಿಗೆಯಲ್ಲಿ ಕುಳಿತೆ. ಸೊಟ್ಟ ಕೊಂಬಿನ ಎತ್ತಿಗೊಂದು ಪದ, ಹಾಲು ಬಿಗಿಹಿಡಿಯುವ ಹಸುವಿಗೊಂದು ಪದ, ಒಟ್ಟು ನಲವತ್ತು ಪದ ಕೊಟ್ಟರು. ಮೇವು ತಿಂದು ಎರಡು ಹೆಜ್ಜೆ ಹೋಗಿ ತಿರುಗಿ ನೋಡುವ ಹಸುವಿಗೆ 'ಮರುನೋಟಿ' ಎಂದರು. ಅನುಮಾನ ಬಂದರೂ ಬರೆದುಕೊಂಡೆ. ಮನೆಗೆ ಬಂದು ಏಳನೆಯ ಅಧ್ಯಾಯದ ಫೈಲು ಟೈಪು ಮಾಡಿ, ನನ್ನ ಕಣ್ಣಿಗಷ್ಟೇ ಇದ್ದ ಫೈಲಿಗೂ ತಾತನ ಬಗ್ಗೆ ಎರಡು ಸಾಲು ಸೇರಿಸಿ, ಬೆರಳು ಚಿಟಿಕೆ ಹೊಡೆದು, 'ಮೇಕ್' ಎಂದು ಹೊಡೆದೆ.

'ಪುಸ್ತಕ ಈಸ್ ಅಪ್ ಟು ಡೇಟ್' ಎಂದಿತು ಕಂಪ್ಯೂಟರ್.

ಅಂದರೆ, ಮಾಡುವುದೇನೂ ಇಲ್ಲ, ಪುಸ್ತಕ ಸರಿಯಾಗಿಯೇ ಇದೆ! ನಾನು ಮತ್ತೆ ಹೊಡೆದೆ. ಮತ್ತೆ ಅದೇ ಉತ್ತರ. ಗಟ್ಟಿಯಾಗಿ ಒತ್ತಿದೆ. ಅದೇ ಉತ್ತರ.

"ಏನ್ ವಾದ್ಯಾರೆ, ಆ ಗುಂಡಿ ಕಿತ್ತೋಗಂಗೆ ಒತ್ತೀರಿ?" ಮುತ್ತು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ವಿಷಯ ಹೇಳಿದೆ. ಒಂದು ಕ್ಷಣ ಪರದೆ ನೋಡಿದಳು. "ಹೊಸ ಬ್ಯಾಳೆ ತಂದು ಡಬ್ಬಿಲಿ ಇಟ್ರೆ ಆಯ್ತಾ? ಸಾಂಬಾರ್ಗೆ ಇದೂ ಬೇಕು ಅಂತ ಆ ಪಟ್ಟಿಲಿ ಬರೀಬ್ಯಾಡ್ವಾ?"

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಅದನ್ನು ಒಪ್ಪಿಕೊಳ್ಳುವ ಅಗತ್ಯ ಕಾಣದೆ, "ನಾನೂ ಅದನ್ನೇ ಯೋಚಿಸುತ್ತಿದ್ದೆ," ಎಂದು ಮೇಕ್‌ಫೈಲನ್ನು ತೆರೆದೆ.

ಅಯ್ಯೋ ದೇವರೇ! ಎಲ್ಲೆಲ್ಲೂ ಡಾಲರ್ ಗುರುತು. ಒಂದು ಡಾಲರಿನ ಪಕ್ಕ ಸುರುಳಿ. ಇನ್ನೊಂದರ ಪಕ್ಕ ಟೋಪಿ. ಆವರಣ ಚಿಹ್ನೆಯೊಳಗೆ ಒಂದು ಹೆಸರು, ಆ ಹೆಸರಿಗೆ ಅರ್ಥ ಇನ್ನೆಲ್ಲೋ. ಕೆಲವು ಸಾಲುಗಳು ಅಂಚಿನಿಂದ ಶುರು, ಕೆಲವು ಅಂಚಿನಿಂದ ದೂರ ಸರಿದು ಶುರು, ಆ ದೂರವೂ ನನ್ನ ಕಣ್ಣಿಗೆ ಅತಿಯಾಗಿ ಕಂಡಿತು. ಮಕ್ಕಳ ಉತ್ತರಪತ್ರಿಕೆಯಲ್ಲಿ ಅಂಚು ವಕ್ರವಾಗಿದ್ದರೆ ಅಂಕ ಕಳೆಯುತ್ತಿದ್ದವನು ನಾನು. ಕೈ ಸುಮ್ಮನಿರಲಿಲ್ಲ. ಆ ಜಾಗವನ್ನೆಲ್ಲ ಅಳಿಸಿ, ಪ್ರತಿ ಸಾಲಿಗೂ ಅಳತೆ ಮಾಡಿದಂತೆ ನಾಲ್ಕು ನಾಲ್ಕು ಸ್ಪೇಸ್ ಕೊಟ್ಟು ಚೊಕ್ಕಟ ಮಾಡಿದೆ.

ಆಮೇಲೆ ಆ ಟೋಪಿ ಗುರುತು. ಗಣಿತದಲ್ಲಿ ಅದಕ್ಕೆ ಘಾತ ಎನ್ನುತ್ತೇವೆ. ಅದರ ಮುಂದೆ ಎರಡೋ ಮೂರೋ ಬರೆಯಲೇಬೇಕು. ಇಲ್ಲಿ ಡಾಲರ್ ಬರೆದು, ಟೋಪಿ ಹಾಕಿ, ಮುಂದೆ ಏನೂ ಇರಲಿಲ್ಲ! 'ಪಾಪ, ಮದುವೆಯ ಸಂಭ್ರಮದಲ್ಲಿ ಹುಡುಗಿ ಮರೆತಿದ್ದಾಳೆ' ಎಂದು ಕನಿಕರಪಟ್ಟು ನಾನೇ ಒಂದು ಎರಡು ಸೇರಿಸಿದೆ. ಡಾಲರ್ ವರ್ಗ! ಅಧ್ಯಾಯಗಳ ಪಟ್ಟಿಯ ಕೊನೆಗೆ ಲಿಂಗಪ್ಪ ತಾತನ ಫೈಲಿನ ಹೆಸರನ್ನೂ ಸೇರಿಸಿ 'ಮೇಕ್' ಹೊಡೆದೆ.

'ಮಿಸ್ಸಿಂಗ್ ಸೆಪರೇಟರ್. ಸ್ಟಾಪ್.'

"ಸೆಪರೇಟರ್ ಕಾಣೆ ಅಂತೆ! ನಾನು ಎಲ್ಲಿಂದ ತರ್ಲಿ ಸೆಪರೇಟರ್ನ?" ಎಂದು ಕೂಗಿಬಿಟ್ಟೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ರಾಮರಾಜ್ ತಲೆ ಕಾಣಿಸಿಕೊಂಡಿತು. ಅವನು ಹಾಲಿನ ಸೊಸೈಟಿಯಲ್ಲಿ ಕೆಲಸ ಮಾಡುತ್ತಾನೆ.

"ಸೆಪರೇಟರಾ ವಾದ್ಯಾರೆ? ನಮ್ ಸೊಸೈಟಿಲಿ ಒಂದ್ ಸುಮ್ನೆ ಬಿದ್ದೈತೆ. ಅಳೇದು, ಆದ್ರೂ ಕೆನೆ ನಲ್ಲಾ ತೆಗಿಯುತ್ತೆ. ಕಳುಸ್ಲಾ?"

ಬೇಡವೆಂದು ಕೈಮುಗಿದೆ. ಇನ್ನು ಮಾನ ನೋಡಿದರೆ ಆಗದೆಂದು ಕವಿತಾಳಿಗೆ ಫೋನು ಮಾಡಿದೆ. ನನಗೆ ಕಿವಿ ಸ್ವಲ್ಪ ಮಂದವಾದ್ದರಿಂದ ಸ್ಪೀಕರ್ ಹಾಕಿಯೇ ಮಾತು. ಮೇಕ್‌ಫೈಲಿಗೆ ಕೈ ಹಾಕಿದೆನೆಂದು ಹೇಳದೆ, 'ತಾನಾಗಿಯೇ' ಹೀಗೆ ಬರುತ್ತಿದೆ ಎಂದು ದೂರಿದೆ. ಅವಳಿಗೆ ಯಾವುದೋ ಮೀಟಿಂಗಿಗೆ ಹೊತ್ತಾಗಿತ್ತು.

"ಮಾಮಾ, ಟ್ಯಾಬ್! ಟ್ಯಾಬ್ ಇರ್ಲೇಬೇಕು! ಟ್ಯಾಬ್ ಇಲ್ಲಾಂದ್ರೆ ಅಲ್ಲೇ ಎಲ್ಲಾ ನಿಂತೋಗುತ್ತೆ!" ಎಂದು ಫೋನು ಇಟ್ಟಳು.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಮುತ್ತು ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ನನ್ನ ಬಿಪಿ ಮಾತ್ರೆ ಹಿಡಿದು ಓಡಿಬಂದಳು. "ಟ್ಯಾಬ್ಲೆಟ್ ತಗೊಂಡಿರಾ ಇಲ್ವಾ? ಕೊಯಮತ್ತೂರಲ್ಲಿರೋ ಮಗೂಗೆ ಗೊತ್ತಾಗುತ್ತೆ, ನಿಮ್ಗೆ ಗೊತ್ತಾಗೋದಿಲ್ವಾ? ನಿಂತೋಗುತ್ತೆ ಅಂತವ್ಳೆ!"

"ಮುತ್ತೂ, ಅದು ಕೀಬೋರ್ಡಿನ..."

"ಬಾಯ್ ತೆಗೀರಿ."

ತೆಗೆದೆ. ಬೆಳಿಗ್ಗೆ ಒಂದು ನುಂಗಿದ್ದೆ, ಇದು ಎರಡನೆಯದು. ಮಧ್ಯಾಹ್ನವೆಲ್ಲ ತಲೆ ತೇಲುತ್ತಾ ಮಂಚ ಬಿಟ್ಟು ಏಳಲಾಗಲಿಲ್ಲ. ಮಲಗಿದಲ್ಲೇ ಹೊಳೆಯಿತು. ಸಾಲಿನ ಮುಂದೆ ಇದ್ದ ಆ ದೊಡ್ಡ ಜಾಗ ಜಾಗವಲ್ಲ, ಅದು ಟ್ಯಾಬ್ ಎಂಬ ಗುಂಡಿ ಒತ್ತಿದ್ದರ ಗುರುತು. ನಾನು ಕೊಟ್ಟದ್ದು ಸ್ಪೇಸ್. ಎರಡೂ ಕಣ್ಣಿಗೆ ಕಾಣುವುದಿಲ್ಲ! ಕಾಣದ ಒಂದು ವಸ್ತುವನ್ನು ತೆಗೆದು ಕಾಣದ ಇನ್ನೊಂದು ವಸ್ತುವನ್ನು ಇಟ್ಟದ್ದು ನನ್ನ ಅಪರಾಧ. ಇಷ್ಟು ಸೂಕ್ಷ್ಮವಾದ ತಪ್ಪಿಗೆ ನಾನು ಯಾವ ವಿದ್ಯಾರ್ಥಿಯ ಅಂಕವನ್ನೂ ಕಳೆದಿರಲಿಲ್ಲ.

ಸಂಜೆ ಎದ್ದು ಟ್ಯಾಬ್ ಹಾಕಿದೆ. ಈ ಸಲ ಬೇರೆ ದೂರು ಬಂತು. ಅಧ್ಯಾಯಗಳನ್ನೆಲ್ಲ ಸರಿಯಾಗಿ ಎಣಿಸಿಕೊಂಡು ಬಂದು, ಕೊನೆಯ ಫೈಲಿನ ಹೆಸರಿಗೆ ಒಂದು ಎರಡು ಅಂಟಿಸಿಕೊಂಡು, ಅಂಥ ಫೈಲು ಇಲ್ಲವೇ ಇಲ್ಲ ಎಂದು ಹಟ ಹಿಡಿಯಿತು. ಆ ಎರಡು ಎಲ್ಲಿಂದ ಬಂತು ಎಂದು ಅರ್ಧ ಗಂಟೆ ಹುಡುಕಿದೆ. ನನ್ನ ಘಾತ! ಆ ಟೋಪಿಗೆ ಇಲ್ಲಿ 'ಪಟ್ಟಿಯಲ್ಲಿ ಇರುವುದೆಲ್ಲ' ಎಂದು ಅರ್ಥವಂತೆ. ನಾನು ಹೋಗಿ ಪಟ್ಟಿಯ ಬಾಲಕ್ಕೆ ಎರಡನ್ನು ಕಟ್ಟಿದ್ದೆ. ಯಾರಿಗೂ ಹೇಳದೆ ಅಳಿಸಿದೆ.

ಎಲ್ಲ ಸರಿಹೋದಂತೆ ಕಂಡಾಗ ಪಟ್ಟಿಯನ್ನು ಇನ್ನಷ್ಟು ಅಂದವಾಗಿಸಲು, ಕವಿತಾ ಮಾಡಿದ್ದಂತೆ ಸಾಲಿನ ಕೊನೆಗೆ ಒಂದು ಓರೆಗೆರೆ ಎಳೆದು ಹೊಸ ಸಾಲಿಗೆ ಇಳಿದೆ. ಗೆರೆಯ ಆಚೆ, ಅಭ್ಯಾಸಬಲದಿಂದ, ಒಂದು ಸ್ಪೇಸ್ ಬಿದ್ದಿತ್ತು. ಮತ್ತೆ ಕಾಣದ ವಸ್ತು! ಮತ್ತೆ ಸೆಪರೇಟರ್ ಕಾಣೆ! ಆ ಗೆರೆಯ ಆಚೆ ಏನೂ ಇರಬಾರದಂತೆ, ಇದ್ದರೆ ಸಾಲು ಮುಂದುವರಿಯುವುದಿಲ್ಲವಂತೆ. ಇದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಅವತ್ತು ಮಾತ್ರ ತಾಳ್ಮೆ ಮುಗಿದಿತ್ತು.

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಯಾರೋ ಪುಣ್ಯಾತ್ಮ ಬರೆದಿದ್ದ: ಫೈಲುಗಳ ಹೆಸರನ್ನು ಒಂದೊಂದಾಗಿ ಯಾಕೆ ಬರೆಯುತ್ತೀರಿ, ಒಂದು ನಕ್ಷತ್ರ ಹಾಕಿ. ನಕ್ಷತ್ರ ಎಂದರೆ ಫೋಲ್ಡರಿನಲ್ಲಿ ಆ ಬಗೆಯ ಫೈಲು ಎಷ್ಟಿವೆಯೋ ಅಷ್ಟೂ!

ನನ್ನ ಮೈ ಜುಂ ಎಂದಿತು. ಗಣಿತದವನಿಗೆ ಇದಕ್ಕಿಂತ ಸುಂದರವಾದ ಉತ್ತರ ಉಂಟೆ? ಪಟ್ಟಿ ಬೇಡ, ಗೆರೆ ಬೇಡ, ಒಂದೇ ಗುರುತಿನಲ್ಲಿ ಸಮಸ್ತವೂ ಅಡಗಿದೆ. ನಕ್ಷತ್ರ ಹಾಕಿದೆ. 'ಮೇಕ್' ಹೊಡೆದೆ. ಪರದೆಯ ಮೇಲೆ ಸಾಲುಗಳು ಸರಸರನೆ ಓಡಿದವು. ಪುಸ್ತಕ ಬಂತು! ತೆರೆದು ಏಳನೆಯ ಅಧ್ಯಾಯಕ್ಕೆ ಹಾರಿದೆ. ಲಿಂಗಪ್ಪ ತಾತ, ನಲವತ್ತು ಪದ, ಮರುನೋಟಿ ಸಮೇತ ಇದ್ದಾರೆ. "ಮುತ್ತೂ, ಮುಗೀತು!" ಎಂದು ಕೂಗಿ, ಇನ್ನೊಂದು ಪುಟವನ್ನೂ ತಿರುವದೆ, ತೇನಿಯ ಒಂದು ಮುದ್ರಣಾಲಯಕ್ಕೆ ಪುಸ್ತಕವನ್ನು ಫೋನಿನಲ್ಲೇ ಕಳಿಸಿಬಿಟ್ಟೆ.

ಮದುವೆಗೆ ಮೂರು ದಿನ ಇರುವಾಗ ಮುದ್ರಣಾಲಯದವನ ಫೋನು ಬಂತು. "ಸಾರ್, ಪುಸ್ತಕ ರೆಡಿ. ಗೂಡಲೂರು ಮಂಡಪಕ್ಕೇ ನೇರವಾಗಿ ಕಳಿಸುತ್ತೇವೆ," ಎಂದು ತಮಿಳಿನಲ್ಲಿ ಹೇಳಿದವನು ಮುಂದುವರಿಸಿದ. "ಸಾರ್, ಕಡೇ ಅಧ್ಯಾಯ ಪ್ರಮಾದಂ ಸಾರ್! ಬೈಂಡಿಂಗ್ ಮಾಡುವವರೆಲ್ಲ ಕೆಲಸ ಬಿಟ್ಟು ಓದಿದರು. ನನಗಂತೂ ನಕ್ಕು ನಕ್ಕು ಹೊಟ್ಟೆ ನೋವು."

ತಮಿಳಿನಲ್ಲಿ 'ಪ್ರಮಾದಂ' ಎಂದರೆ ಅದ್ಭುತ, ನಮ್ಮ ಕನ್ನಡದ ಪ್ರಮಾದವಲ್ಲ. ದನಗಳ ಪದದಲ್ಲಿ ಹೊಟ್ಟೆ ನೋಯುವಷ್ಟು ನಗು ಎಲ್ಲಿದೆ ಎಂದು ಸ್ವಲ್ಪ ಯೋಚಿಸಿದೆ. ಆಮೇಲೆ ನನ್ನ ವಿವರಣೆಯ ಶೈಲಿಯೇ ಕಾರಣವಿರಬೇಕು ಎಂದು ತೀರ್ಮಾನಿಸಿದೆ. ಆ ದಿನ ಊಟದ ಹೊತ್ತಿಗೆ ಮುತ್ತುವಿಗೆ ಈ ಹೊಗಳಿಕೆಯನ್ನು ಎರಡು ಸಲ ಹೇಳಿದೆ.

ಮದುವೆಯ ಬೆಳಿಗ್ಗೆ ಗೂಡಲೂರಿನ ಮಂಡಪ ಮಲ್ಲಿಗೆ, ಕಾಫಿ, ಹೊಸ ಸೀರೆಯ ವಾಸನೆಯಿಂದ ತುಂಬಿತ್ತು. ಮುಹೂರ್ತ ಸುಸೂತ್ರವಾಗಿ ಮುಗಿಯಿತು. ಹೆಂಗಸರು ಬಾಗಿಲಲ್ಲಿ ಕುಳಿತು ತಾಂಬೂಲದ ಚೀಲ ಹಂಚತೊಡಗಿದರು. ನಾನು ಗರಿಗರಿ ವೇಷ್ಟಿ ಉಟ್ಟು, ಮೆಚ್ಚುವವರ ಕೈಗೆ ಸಿಗುವಂಥ ಜಾಗದಲ್ಲಿ, ಒಂದು ಕಂಬದ ಪಕ್ಕ ನಿಂತುಕೊಂಡೆ.

ಮೊದಲ ಪಂಕ್ತಿಯ ಊಟದಿಂದ ಒಂದು ನಗೆ ಕೇಳಿಸಿತು. ಇನ್ನೊಂದು. ಆಮೇಲೆ ಒಂದು ಇಡೀ ಸಾಲು. ನನ್ನ ಶೈಲಿ! ಸಂಕೋಚದಿಂದ ಮುಗುಳ್ನಗುತ್ತಾ ಒಳಗೆ ಹೋದೆ. ಲಿಂಗಪ್ಪ ತಾತ ಎಲೆಯ ಮುಂದೆಯೇ ಕುಳಿತಿದ್ದರು. ನನ್ನ ಎದೆ ತಣ್ಣಗಾಯಿತು. ಪಕ್ಕದಲ್ಲಿ ಅವರ ಮೊಮ್ಮಗಳು, ಹುಡುಗನ ತಂಗಿ, ಪುಸ್ತಕದ ಕೊನೆಯ ಪುಟಗಳನ್ನು ಬಿಡಿಸಿ ಗಟ್ಟಿಯಾಗಿ ಓದುತ್ತಿದ್ದಳು:

"'ಲಿಂಗಪ್ಪ ತಾತ, ಕೊಂಬೈ. ನಲವತ್ತು ಪದ. ಅದರಲ್ಲಿ ಮೂವತ್ತು ಸ್ವಂತ ತಯಾರಿಕೆ ಎಂದು ಅನುಮಾನ. ಎತ್ತಿನ ಕಥೆ ಶುರು ಮಾಡಿದರೆ ಬಸ್ಸು ತಪ್ಪುವುದು ಖಚಿತ.'"

ನನಗಾಗಿ ಮಾತ್ರ ಬರೆದಿಟ್ಟುಕೊಂಡಿದ್ದ ಫೈಲು! ಅದೇ ಫೋಲ್ಡರಿನಲ್ಲಿತ್ತು. ಅದೇ ಬಗೆಯ ಫೈಲು. ನಕ್ಷತ್ರ ಅದನ್ನೂ ಬಿಡದೆ ಎತ್ತಿ ಪುಸ್ತಕದ ಬಾಲಕ್ಕೆ ಕಟ್ಟಿತ್ತು. ಅದನ್ನಾದರೂ ಕನ್ನಡ ಅಕ್ಷರದಲ್ಲಿ ಬರೆದಿದ್ದರೆ ಆ ಮಂಡಪದಲ್ಲಿ ಓದಬಲ್ಲವರು ನಾನು, ಕವಿತಾ ಇಬ್ಬರೇ. ಬೇಗ ಮುಗಿಯಲಿ ಎಂದು ತಮಿಳಿನಲ್ಲಿ ಬರೆದಿದ್ದೆ!

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ವೇದಿಕೆಗೆ ಓಡಿ, ನಾದಸ್ವರದವರ ಮುಂದಿದ್ದ ಮೈಕು ಕಿತ್ತುಕೊಂಡು, ಶಾಲೆಯ ಪ್ರಾರ್ಥನಾ ಸಭೆಯ ಗಂಟಲಿನಲ್ಲಿ ಹೇಳಿದೆ: "ಎಲ್ಲರಿಗೂ ವಿನಂತಿ. ಪುಸ್ತಕದ ಕೊನೆಯ ಎಂಟು ಪುಟಗಳನ್ನು ದಯವಿಟ್ಟು ಯಾರೂ ಓದಬಾರದು. ಅದು ಮುದ್ರಣ ದೋಷ!"

ಅಲ್ಲಿಯವರೆಗೆ ಓದುತ್ತಿದ್ದವರು ಹತ್ತು ಹನ್ನೆರಡು ಜನ. ನನ್ನ ವಿನಂತಿ ಮುಗಿದ ಮೇಲೆ ಇಡೀ ಮಂಡಪದಲ್ಲಿ ಚೀಲ ಬಿಚ್ಚುವ ಸದ್ದು! ತೆಂಗಿನಕಾಯಿಗಳು ನೆಲಕ್ಕುರುಳಿದವು. ಕೈ ತೊಳೆಯಲು ಹೋದವರು ಅಲ್ಲೇ ನಿಂತು ಓದಿದರು.

"'ಅಕ್ಕ. ನನಗೇನೂ ನೆನಪಿಲ್ಲ ಎಂದು ಶುರು ಮಾಡುತ್ತಾಳೆ. ಬೇರೆಯವರು ಹೇಳಿದ್ದೆಲ್ಲ ತಪ್ಪು ಎಂದು ಮುಗಿಸುತ್ತಾಳೆ.'"

"'ಗೂಡಲೂರು ಚಿಕ್ಕಮ್ಮ. ಪದ ಗಟ್ಟಿ. ಕಾಫಿ ನೀರು.'"

"'ಮುತ್ತು. ಬೈಗುಳದ ಅಧ್ಯಾಯ ಪೂರ್ತಿ ಇವಳ ಕೊಡುಗೆ. ಉಚ್ಚಾರಣೆ ನಿಖರ. ಎಲ್ಲ ಪದಗಳನ್ನೂ ನನ್ನ ಮೇಲೆ ಪ್ರಯೋಗಿಸಿ ಪರಿಶೀಲಿಸಲಾಗಿದೆ.'"

ಮುತ್ತು ದೂರದಿಂದ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ವೇದಿಕೆಯ ಮೇಲೆ ಕವಿತಾ ಪುಸ್ತಕದಲ್ಲಿ ಮುಖ ಹುದುಗಿಸಿದ್ದಳು, ಹಾರದ ಸಮೇತ ಭುಜ ನಡುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ಮಗುವಿನ ಜೀವನದಲ್ಲಿ ಒಂದೇ ಸಲ ಬರುವ ದಿನವನ್ನು ನಾನು ಹಾಳುಮಾಡಿದೆ. ಮೈಕು ಕೆಳಗಿಡಲೂ ಕೈ ಬರಲಿಲ್ಲ.

"ವಾದ್ಯಾರೆ! ಇಲ್ಲಿ ಬಾ!"

ಲಿಂಗಪ್ಪ ತಾತನ ಗಂಟಲು. ಕೋಲು ಊರಿ ಎದ್ದು ನಿಂತುಬಿಟ್ಟಿದ್ದರು. ಅವರು ಎದ್ದರೆಂದು ಅವರ ಕಡೆಯವರೆಲ್ಲ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. ಅಕ್ಕ ಕಂಬ ಹಿಡಿದುಕೊಂಡಳು. ನಾನು ಶಿಕ್ಷೆಗೆ ಕರೆದ ಹುಡುಗನಂತೆ ಹೋಗಿ ಮುಂದೆ ನಿಂತೆ.

"ಮೂವತ್ತು ಅಂತ ಬರ್ದಿದಿಯಾ?"

"ತಾತಾ, ತಪ್ಪಾಯ್ತು..."

"ತಪ್ಪೇ! ಮೂವತ್ತು ಎಲ್ಲಿ ಬಂತು? ನಾನ್ ಕಟ್ಟಿದ್ದು ಎರಡೇ ಎರಡು! ಮರುನೋಟಿ ಒಂದು. ಇನ್ನೊಂದು ಏಳೋದಿಲ್ಲ, ನೀನೇ ಕಂಡುಇಡಿ. ಬಾಕಿದೆಲ್ಲಾ ನಮ್ ಅಜ್ಜ ಏಳಿದ್ದು. ಲೆಕ್ಕದ್ ವಾದ್ಯಾರು, ಲೆಕ್ಕ ಬರೋದಿಲ್ಲ ನಿಂಗೆ!"

ಹೇಳಿ, ಧೊಪ್ಪನೆ ಕುಳಿತು, ರಸಕ್ಕೆ ಕೈ ಹಾಕಿದರು. ಆ ಇನ್ನೊಂದು ಪದ ಯಾವುದು ಎಂದು ಅವರ ಪಂಕ್ತಿಯಲ್ಲೇ ವಾದ ಶುರುವಾಯಿತು. ಒಬ್ಬರು ಇದು ಎಂದರು, ಇನ್ನೊಬ್ಬರು ಆ ಪದ ನಮ್ಮಮ್ಮನೂ ಹೇಳುತ್ತಿದ್ದಳು ಎಂದರು. ವಾದ ಎರಡನೆಯ ಪಂಕ್ತಿಗೆ ಹಬ್ಬಿತು. ಅಕ್ಕ ನಡುವೆ ನುಗ್ಗಿ, "ನಂಗೇನೂ ಗ್ಯಾಪ್ಕ ಇಲ್ಲ. ಆದ್ರೆ ನೀವ್ ಏಳ್ತಿರೋದೆಲ್ಲಾ ತಪ್ಪು," ಎಂದಾಗ ಮಂಡಪ ಬಿದ್ದು ನಕ್ಕಿತು. ಇಷ್ಟು ಹೊತ್ತೂ ಫೋನಿನಲ್ಲಿ ಮುಳುಗಿದ್ದ ಹುಡುಗಿಯರು ಬಂದು, "ಅಂಗಂದ್ರೆ ಏನ್ ತಾತಾ? ಇದುಕ್ಕೆ ಏನ್ ಅನ್ಬೇಕು?" ಎಂದು ಮುರುಕು ಕನ್ನಡದಲ್ಲಿ ಕೇಳುತ್ತಿದ್ದರು. ಅಷ್ಟು ದೊಡ್ಡ ಮಂಡಪದಲ್ಲಿ ಒಂದು ಗಳಿಗೆ ತಮಿಳೇ ಕೇಳಿಸಲಿಲ್ಲ. ನಮ್ಮ ಮಾತನ್ನು ಅಷ್ಟು ಗಟ್ಟಿಯಾಗಿ, ಅಷ್ಟು ಜನರ ಬಾಯಲ್ಲಿ, ಮನೆಯ ಹೊರಗೆ ನಾನು ಕೇಳಿದ್ದು ಅದೇ ಮೊದಲು.

ಕವಿತಾ ತಲೆ ಎತ್ತಿದಳು. ಅಳುತ್ತಿರಲಿಲ್ಲ. ನಕ್ಕು ನಕ್ಕು ಕಣ್ಣಿನ ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿತ್ತು.

ಹಾಗೆಂದು ಶಿಕ್ಷೆಯಿಂದ ಪಾರಾದೆ ಎಂದಲ್ಲ. ಗೂಡಲೂರು ಚಿಕ್ಕಮ್ಮ ತಾನೇ ಒಂದು ದೊಡ್ಡ ಲೋಟದಲ್ಲಿ ಡಿಕಾಕ್ಷನ್ನೇ ಹೆಚ್ಚಿರುವ ಕಾಫಿ ತಂದು, ನಾನು ತಳದವರೆಗೆ ಕುಡಿಯುವವರೆಗೂ ಎದುರಿಗೆ ನಿಂತಿದ್ದಳು. "ಗಟ್ಟಿಯಾಗೈತಾ?" ಎಂದು ಕೇಳಿ, ಎರಡನೆಯ ಲೋಟವನ್ನೂ ತಂದಳು.

ಮದುವೆ ಮುಗಿದ ಮುಂದಿನ ವಾರ ಆಂಡಿಪಟ್ಟಿಯಿಂದ ನಮ್ಮ ಚಿಕ್ಕಪ್ಪನ ಮಗ ತಿಮ್ಮಯ್ಯಣ್ಣ ಬಂದ. ಮುಖ ಊದಿತ್ತು. ನೀರು ಕೊಟ್ಟರೆ ಮುಟ್ಟಲಿಲ್ಲ.

"ನಾನ್ ನಿಂಗೆ ಹದಿನೇಳು ಪದ ಕೊಟ್ಟೆ. ಒಂದ್ ದಿನ ಪೂರ ನಿನ್ ಜೊತೆ ಕುಂತಿದ್ದೆ. ಕಡೇ ಅದ್ಯಾಯದಲ್ಲಿ ಎಲ್ಲಾರ್ ಬಗ್ಗೇನೂ ಬರ್ದಿದಿಯಾ, ನನ್ ಬಗ್ಗೆ ಒಂದ್ ಸಾಲ್ ಇಲ್ಲ! ಊರಲ್ಲಿ ಜನ ಏನ್ ನೆನಿತಾರೆ? ನಾನ್ ಅಷ್ಟು ಸಾದಾ ಮನ್ಸನಾ?"

ಅವನ ಬಗ್ಗೆ ಬರೆಯುವಂಥ ದೋಷ ಏನೂ ಕಾಣಲಿಲ್ಲ ಎಂದು ಸಮಾಧಾನ ಹೇಳಿದೆ. ಅದು ಅವನಿಗೆ ಇನ್ನೂ ದೊಡ್ಡ ಅವಮಾನವಾಯಿತು. ಕೊನೆಗೆ ಒಂದು ಕಾಗದ, ಪೆನ್ನು ಹಿಡಿದು, ಎರಡನೆಯ ಮುದ್ರಣಕ್ಕೆಂದು ಅವನ ದೋಷಗಳನ್ನು ಅವನಿಂದಲೇ ಬರೆದುಕೊಳ್ಳತೊಡಗಿದೆ. ಗೊರಕೆ ಹೊಡೆಯುತ್ತಾನಂತೆ. ಇಸ್ಪೀಟಿನಲ್ಲಿ ಎಲೆ ಬಚ್ಚಿಡುತ್ತಾನಂತೆ. ಹೇಳುತ್ತಾ ಹೇಳುತ್ತಾ ಅವನ ಮುಖ ಅರಳಿತು, ನೀರೂ ಕುಡಿದ. ಆಮೇಲೆ ಒಮ್ಮೆಲೇ ಕೇಳಿದ: "ಸೆರಿ ವಾದ್ಯಾರೆ, ಎಲ್ಲಾರ್ ಬಗ್ಗೇನೂ ನೀನ್ ಬರಿತಿಯಾ. ನಿನ್ ಬಗ್ಗೆ ಯಾರ್ ಬರೀತಾರೆ?"

ಹಾಗೆ ಯಾರೂ ಬರೆಯುವ ಅಗತ್ಯವಿಲ್ಲ ಎಂದು ಹೇಳಲು ಹೊರಟವನು ತಿರುಗಿ ನೋಡಿದೆ. ಊಟದ ಮೇಜಿನ ಬಳಿ ಮುತ್ತು ಕನ್ನಡಕ ಹಾಕಿಕೊಂಡು ಕುಳಿತಿದ್ದಳು. ಅವಳ ಮುಂದೆ ಎರಡು ಹಾಳೆಗಳು, ಎರಡೂ ಕಡೆ ಒತ್ತೊತ್ತಾಗಿ ತುಂಬಿದ್ದವು. ತಲೆ ಎತ್ತದೆಯೇ, "ಇನ್ನಷ್ಟು ಕಾಗ್ದ ಐತಾ?" ಎಂದಳು.

ನಾನೇ ಎದ್ದು ಹೋಗಿ ಒಂದು ಇಡೀ ಕಟ್ಟು ತಂದುಕೊಟ್ಟೆ.